ಕಿವುಡು ಮುಖದ ಚೌಕಟ್ಟು

ಅಂಗೈಯಗಲದ ನನ್ನ ರೇಡಿಯೊವನ್ನು ಬಯಲಿನಲ್ಲಿ ಹಿಡಿದರೆ ಮಧ್ಯಮ ತರಂಗದಲ್ಲಿ ಹತ್ತಾರು ಕೇಂದ್ರಗಳನ್ನು ಹೆಕ್ಕಿಕೊಡುತ್ತದೆ. ಮನೆಯೊಳಗೆ ತಂದು ಮೇಜಿನ ಮೇಲಿಟ್ಟರೆ ಅವುಗಳಲ್ಲಿ ಮೂರೋ ನಾಲ್ಕೋ ಉಳಿದು ಮಿಕ್ಕದ್ದೆಲ್ಲ ಗೊರಗೊರ. ಮಾಳಿಗೆಯ ಮೇಲೆ ಉದ್ದ ತಂತಿ ಎಳೆಯುವ ಅನುಕೂಲ ಇಲ್ಲದವರಿಗೆ ಹಳೆಯ ಉಪಾಯವೊಂದಿದೆ: ಚೌಕಟ್ಟಿಗೆ ತಂತಿ ಸುತ್ತಿ, ಅದಕ್ಕೊಂದು ಗ್ಯಾಂಗ್ ಕಂಡೆನ್ಸರ್ (ತಿರುಗಿಸಿ ಕೇಂದ್ರ ಹಿಡಿಯುವ ಬಿಡಿಭಾಗ) ಜೋಡಿಸಿ, ರೇಡಿಯೊದ ಪಕ್ಕದಲ್ಲಿ ನಿಲ್ಲಿಸುವುದು. ಲೂಪ್ ಆಂಟೆನಾ ಎನ್ನುವುದು ಇದನ್ನೇ. 1920ರ ದಶಕದ ರೇಡಿಯೊ ಪೆಟ್ಟಿಗೆಗಳ ನೆತ್ತಿಯ ಮೇಲೆ ಇಂಥ ಚೌಕಟ್ಟುಗಳು ನಿಂತಿರುತ್ತಿದ್ದವು. ರೇಡಿಯೊದೊಳಗೇ ಅಡಗುವ ಆಂಟೆನಾ, ಅಂದರೆ ಫೆರೈಟ್ ಕಡ್ಡಿ, ಬಂದ ಮೇಲೆ ಅವು ಮೂಲೆ ಸೇರಿದವು. ಒಂದು ವಾರದಲ್ಲಿ ಅಂಥದ್ದೊಂದನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದ ದಿನಚರಿ ಇದು.

ಶನಿವಾರ

ಸಾಮಾನು ಹೆಚ್ಚಿಲ್ಲ. 85 ಸೆಂಟಿಮೀಟರ್ ಉದ್ದದ ಎರಡು ಮರದ ಪಟ್ಟಿ, ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿ 35 ಮೀಟರ್, ಕೆಟ್ಟುಹೋದ ಹಳೆಯ ರೇಡಿಯೊದಿಂದ ಎಂದೋ ಬಿಚ್ಚಿಟ್ಟಿದ್ದ ಗ್ಯಾಂಗ್ ಕಂಡೆನ್ಸರ್. ಗ್ಯಾಂಗ್‌ನಲ್ಲಿ ಎರಡು ಭಾಗಗಳಿವೆ, ನನಗೆ ಬೇಕಾದದ್ದು ಒಂದೇ. ಅದರ ಅಲ್ಯೂಮಿನಿಯಂ ರೆಕ್ಕೆಗಳು ಪೂರ್ತಿ ಒಳಗೆ ಸೇರಿದಾಗ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಶಕ್ತಿ) 365 ಪಿಕೊಫ್ಯಾರಡ್, ಪೂರ್ತಿ ಹೊರಗೆ ಬಂದಾಗ ಹೆಚ್ಚುಕಡಿಮೆ 15. ರೆಕ್ಕೆಗಳ ನಡುವೆ ವರ್ಷಗಳ ದೂಳು ಕುಳಿತಿತ್ತು. ಮೆತ್ತನೆಯ ಕುಂಚದಿಂದ ಉಜ್ಜಿ, ಬೆಳಕಿಗೆ ಹಿಡಿದು, ಒಂದು ರೆಕ್ಕೆ ಇನ್ನೊಂದಕ್ಕೆ ತಾಗುತ್ತಿಲ್ಲವೆಂದು ಮಲ್ಟಿಮೀಟರಿನಲ್ಲೂ ಖಾತ್ರಿ ಮಾಡಿಕೊಂಡೆ.

ಎರಡು ಪಟ್ಟಿಗಳ ನಡುಮಧ್ಯದಲ್ಲಿ ಅರ್ಧರ್ಧ ದಪ್ಪ ಕೊರೆದು, ಒಂದನ್ನೊಂದು ಕಚ್ಚುವಂತೆ ಕೂರಿಸಿ, ಅಂಟು ಹಾಕಿ ಒಂದು ಸ್ಕ್ರೂ ಬಿಗಿದರೆ ಗುಣಿಸು ಚಿಹ್ನೆಯಂಥ ಆಕಾರ ಬರುತ್ತದೆ. ನಾಲ್ಕು ತುದಿಗಳ ಮೇಲೆ ತಂತಿ ಹಾಯಿಸಿದರೆ ಪ್ರತಿ ಬದಿ 60 ಸೆಂಟಿಮೀಟರ್‌ನ ಚೌಕ. ಒಂದು ಸುತ್ತಿಗೆ 2.4 ಮೀಟರ್ ತಂತಿ ಬೇಕು.

ಎಷ್ಟು ಸುತ್ತು? ಲೆಕ್ಕ ಕೆಳತುದಿಯಿಂದ ಶುರುವಾಗುತ್ತದೆ. ಮಧ್ಯಮ ತರಂಗ 531 ಕಿಲೋಹರ್ಟ್ಸ್‌ನಿಂದ ಆರಂಭ. ರೆಕ್ಕೆ ಪೂರ್ತಿ ಮುಚ್ಚಿದಾಗ ಅಲ್ಲಿಗೆ ಅನುರಣನ ಬರಬೇಕಾದರೆ, ಅಂದರೆ ಸುರುಳಿ ಮತ್ತು ಗ್ಯಾಂಗ್ ಸೇರಿ ಆ ಆವರ್ತನಕ್ಕೇ ಮಿಡಿಯಬೇಕಾದರೆ, 240 ಮೈಕ್ರೊಹೆನ್ರಿ ಆಸುಪಾಸಿನ ಇಂಡಕ್ಟೆನ್ಸ್ ಬೇಕು; ಇದು ಸುರುಳಿಯ ಅಳತೆ, ಸುತ್ತು ಹೆಚ್ಚಿದರೆ ಅದೂ ಹೆಚ್ಚು. ಈ ಅಳತೆಯ ಚೌಕದಲ್ಲಿ, ಸುತ್ತುಗಳ ನಡುವೆ 5 ಮಿಲಿಮೀಟರ್ ಅಂತರ ಬಿಟ್ಟರೆ, 13 ಸುತ್ತು ಸಾಕು. ಕಾಗದದ ಮೇಲೆ ಇದನ್ನೆಲ್ಲ ಶಿಸ್ತಾಗಿ ಬರೆದುಕೊಂಡೆ. ಆಮೇಲೆ ಸೋಮಾರಿತನ ಮೇಲುಗೈ ಪಡೆಯಿತು. ನಾಲ್ಕು ತುದಿಗಳಿಗೆ 13ರಂತೆ 52 ಕಚ್ಚು ಕೊರೆಯಬೇಕು. ‘ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ, ಒಂದಕ್ಕೊಂದು ತಾಗಿದರೆ ಏನು ನಷ್ಟ’ ಎಂದುಕೊಂಡು 13 ಸುತ್ತನ್ನೂ ಒತ್ತೊತ್ತಾಗಿ ಸುತ್ತಿ, ಎರಡು ತುದಿಗಳನ್ನು ಗ್ಯಾಂಗ್‌ಗೆ ಬೆಸುಗೆ ಹಾಕಿ, ಸಂಜೆಗೆ ಮೊದಲೇ ಮುಗಿಸಿ ಬೀಗಿದೆ.

ರೇಡಿಯೊ ಹಚ್ಚಿ ಚೌಕಟ್ಟಿನ ನಡುವೆ ಇಟ್ಟೆ. ಗ್ಯಾಂಗ್‌ನ ಗುಂಡಿ ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಏನೂ ಇಲ್ಲ. ಬೆಸುಗೆ ಮತ್ತೆ ಹಾಕಿದೆ. ಗ್ಯಾಂಗ್‌ನ ಇನ್ನೊಂದು ಭಾಗಕ್ಕೆ ಬದಲಾಯಿಸಿದೆ. ರೇಡಿಯೊವನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪು ನಾನು ಅದನ್ನು ಇಟ್ಟ ರೀತಿಯಲ್ಲಿತ್ತು. ಚೌಕಟ್ಟಿಗೂ ರೇಡಿಯೊಕ್ಕೂ ನಡುವೆ ಯಾವ ತಂತಿಯೂ ಇಲ್ಲ. ಚೌಕಟ್ಟಿನ ಕಾಂತಕ್ಷೇತ್ರ ರೇಡಿಯೊದೊಳಗಿನ ಫೆರೈಟ್ ಕಡ್ಡಿಯ ಉದ್ದಕ್ಕೂ ಹಾಯ್ದರೆ ಮಾತ್ರ ಸಂಕೇತ ದಾಟುತ್ತದೆ. ಆ ಕಡ್ಡಿ ಸಾಮಾನ್ಯವಾಗಿ ರೇಡಿಯೊದ ಉದ್ದನೆಯ ಬದಿಗೆ ಸಮಾನಾಂತರವಾಗಿ ಮಲಗಿರುತ್ತದೆ. ನಾನು ರೇಡಿಯೊವನ್ನು ಚೌಕಟ್ಟಿನ ಸಮತಲದಲ್ಲೇ ಇಟ್ಟಿದ್ದೆ, ಚಿತ್ರಕ್ಕೆ ಚೌಕಟ್ಟು ಹಾಕಿದ ಹಾಗೆ. ಕಣ್ಣಿಗೆ ಅದು ಸೊಗಸು, ಕಡ್ಡಿಗೆ ಅದು ಕುರುಡು ಕೋನ. ರೇಡಿಯೊವನ್ನು ಕಾಲು ಸುತ್ತು ತಿರುಗಿಸಿ, ಕಡ್ಡಿ ಚೌಕಟ್ಟಿನ ಕಿಂಡಿಯೊಳಗೆ ನುಗ್ಗುವ ಬಾಣದಂತೆ ನಿಲ್ಲುವ ಹಾಗೆ ಇಟ್ಟೆ. ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದ್ದೇ ತಡ, ಗದ್ದಲದೊಳಗಿಂದ ಒಬ್ಬ ವಾರ್ತೆ ಓದುವವನು ಎದ್ದು ಬಂದು ಪಕ್ಕದಲ್ಲಿ ಕುಳಿತ.

ಇಲ್ಲಿ ಹೊಸಬರು ಎಡವುವ ಇನ್ನೊಂದು ಕಲ್ಲಿದೆ. ಜೋರಾದ ಕೇಂದ್ರದ ಮೇಲೆ ಚೌಕಟ್ಟನ್ನು ಪರೀಕ್ಷಿಸಬಾರದು. ರೇಡಿಯೊದೊಳಗಿನ ಎಜಿಸಿ ಎಂಬ ಸ್ವಯಂಚಾಲಿತ ನಿಯಂತ್ರಣ ಸಂಕೇತ ಏರಿದಷ್ಟೂ ತನ್ನ ವರ್ಧನೆಯನ್ನು ಇಳಿಸಿ ದನಿಯನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ಚೌಕಟ್ಟು ಹತ್ತು ಪಟ್ಟು ಹೆಚ್ಚು ಸಂಕೇತ ಕೊಟ್ಟರೂ ಕಿವಿಗೆ ಗೊತ್ತಾಗುವುದಿಲ್ಲ. ಕೇಂದ್ರವೇ ಇಲ್ಲದ ಜಾಗದಲ್ಲಿ ರೇಡಿಯೊ ನಿಲ್ಲಿಸಿ, ಸುಯ್ಯೆನ್ನುವ ಸದ್ದು ಎಲ್ಲಿ ಉಬ್ಬುತ್ತದೆಂದು ಕೇಳುತ್ತ ಗುಂಡಿ ತಿರುಗಿಸುವುದು ಸರಿಯಾದ ದಾರಿ.

ಶನಿವಾರ ರಾತ್ರಿ

ಆ ದಾರಿ ಹಿಡಿದ ಮೇಲೆ ಬಣ್ಣ ಬಯಲಾಯಿತು. ರೆಕ್ಕೆ ಪೂರ್ತಿ ಬಿಚ್ಚಿದರೂ ಸದ್ದು ಉಬ್ಬುವುದು 1090 ಕಿಲೋಹರ್ಟ್ಸ್‌ನ ತನಕ ಮಾತ್ರ. ಅದರಾಚೆಗೆ ಚೌಕಟ್ಟು ಮರದ ತುಂಡಷ್ಟೇ. ಕೆಳಗಡೆ ನೋಡಿದರೆ ರೆಕ್ಕೆ ಮುಚ್ಚುವುದಕ್ಕೆ ಮುಂಚೆಯೇ ರೇಡಿಯೊದ ಅಂಕಿ ಮುಗಿದುಹೋಗುತ್ತಿತ್ತು. ಸುತ್ತು ಹೆಚ್ಚಾಯಿತೆಂದು ಎರಡು ಸುತ್ತು ಬಿಚ್ಚಿದೆ. ಮೇಲ್ತುದಿ 1280ಕ್ಕೆ ಏರಿತು. ಇನ್ನೂ ಬಿಚ್ಚಿದರೆ ಮಧ್ಯಮ ತರಂಗದ ಮೇಲ್ತುದಿಯಾದ 1602 ಸಿಗಬಹುದು, ಆದರೆ ಕೆಳಗಡೆ 600ರ ಈಚಿನ ಕೇಂದ್ರಗಳು ಕೈತಪ್ಪುತ್ತವೆ. ಕಿಟಕಿ ಪಕ್ಕಕ್ಕೆ ಸರಿಯುತ್ತಿತ್ತು, ಅಗಲವಾಗುತ್ತಿರಲಿಲ್ಲ.

ಆಗ ಇಕ್ಕಳ ಕೆಳಗಿಟ್ಟು ಪೆನ್ಸಿಲ್ ಹಿಡಿದೆ. 531ರಿಂದ 1602ರ ತನಕ ಆವರ್ತನ ಮೂರು ಪಟ್ಟು ಏರಬೇಕು. ಆವರ್ತನ ಮೂರು ಪಟ್ಟು ಏರಲು ಒಟ್ಟು ಕೆಪಾಸಿಟೆನ್ಸ್ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. ಗ್ಯಾಂಗ್ ಒಂದನ್ನೇ ನೋಡಿದರೆ 365ರಿಂದ 15ಕ್ಕೆ ಇಳಿಯುತ್ತದೆ, ಧಾರಾಳವಾಯಿತು. ಆದರೆ ಸುತ್ತುಗಳ ನಡುವೆಯೂ ಒಂದು ಕೆಪಾಸಿಟೆನ್ಸ್ ಅಡಗಿದೆ. ಅಕ್ಕಪಕ್ಕದ ಎರಡು ತಂತಿಗಳು, ನಡುವೆ ಪ್ಲಾಸ್ಟಿಕ್: ಕಂಡೆನ್ಸರ್ ಎಂದರೆ ಇನ್ನೇನು? ಗುಂಡಿ ಎತ್ತ ತಿರುಗಿಸಿದರೂ ಈ ಕಳ್ಳ ಕೆಪಾಸಿಟೆನ್ಸ್ ಇಳಿಯುವುದಿಲ್ಲ.

ಅದನ್ನು ಅಳೆಯಲು ಉಪಕರಣ ಬೇಕಾಗಿಲ್ಲ, ಅಂಕಿ ತೋರಿಸುವ ರೇಡಿಯೊ ಸಾಕು. ಗ್ಯಾಂಗ್ ಬಿಚ್ಚಿ, ಅದರ ಜಾಗಕ್ಕೆ 47 ಪಿಕೊಫ್ಯಾರಡ್‌ನ ಬಿಡಿ ಕಂಡೆನ್ಸರ್ ಹಚ್ಚಿದೆ. ರೇಡಿಯೊವನ್ನು ಒಂದೊಂದೇ ಕಿಲೋಹರ್ಟ್ಸ್ ಸರಿಸುತ್ತ ಹೋದಾಗ 1043ರಲ್ಲಿ ಸದ್ದು ಉಬ್ಬಿತು. 150 ಪಿಕೊಫ್ಯಾರಡ್ ಹಚ್ಚಿದಾಗ 722ರಲ್ಲಿ. 1043ನ್ನು 722ರಿಂದ ಭಾಗಿಸಿ ವರ್ಗ ಮಾಡಿದರೆ 2.09. ಅಂದರೆ 150ಕ್ಕೆ ಕಳ್ಳನನ್ನು ಕೂಡಿಸಿದ ಮೊತ್ತ, 47ಕ್ಕೆ ಕಳ್ಳನನ್ನು ಕೂಡಿಸಿದ ಮೊತ್ತದ 2.09 ಪಟ್ಟು. ಬಿಡಿಸಿದರೆ ಕಳ್ಳ ಸಿಕ್ಕಿಬಿದ್ದ: 48 ಪಿಕೊಫ್ಯಾರಡ್. ಅದೇ ಲೆಕ್ಕ ಮುಂದುವರಿಸಿದರೆ ಇಂಡಕ್ಟೆನ್ಸ್ 245 ಮೈಕ್ರೊಹೆನ್ರಿ ಎಂದು ಬರುತ್ತದೆ. ನನಗೆ ಬೇಕಾಗಿದ್ದುದೂ ಅಷ್ಟೇ! 11 ಸುತ್ತಿನಲ್ಲೇ ಇಂಡಕ್ಟೆನ್ಸ್ ಸರಿಹೋಗಿತ್ತು. ಒತ್ತೊತ್ತಾಗಿ ಸುತ್ತಿದ್ದರಿಂದ ಅದು ಹೆಚ್ಚಾಗಿತ್ತು ಸಹ. ಕಿಟಕಿಯನ್ನು ಕಿರಿದು ಮಾಡಿದ್ದು ಪೂರ್ತಿಯಾಗಿ ಆ 48. ರೆಕ್ಕೆ ಮುಚ್ಚಿದಾಗ 413, ಬಿಚ್ಚಿದಾಗ 63. ಆರೂವರೆ ಪಟ್ಟಿನ ವ್ಯತ್ಯಾಸವಷ್ಟೇ, ಒಂಬತ್ತಲ್ಲ.

52 ಕಚ್ಚು ಕೊರೆಯದೆ ಗತಿಯಿಲ್ಲವೆಂದು ಒಪ್ಪಿಕೊಂಡು ಮಲಗಿದೆ.

ಭಾನುವಾರ

ಎಂಟು ಸೆಂಟಿಮೀಟರ್ ಉದ್ದದ ನಾಲ್ಕು ಮರದ ತುಂಡು. ನಾಲ್ಕನ್ನೂ ಒಟ್ಟಿಗೆ ಹಿಡಿದು ದಾರದಿಂದ ಬಿಗಿದೆ, ಒಂದೇ ಗೆರೆಯಲ್ಲಿ ನಾಲ್ಕಕ್ಕೂ ಕಚ್ಚು ಬೀಳಲಿ ಎಂದು. ಹೀಗೆ ಮಾಡಿದರೆ 52 ಕೊಯ್ತ 13ಕ್ಕೆ ಇಳಿಯುತ್ತದೆ. ಇದು ಶನಿವಾರವೇ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು, ಅಳತೆಪಟ್ಟಿಯ ಮೇಲೆ 5 ಮಿಲಿಮೀಟರಿಗೊಂದರಂತೆ ಗುರುತು ಹಾಕಿ, ತಂತಿಯ ಅರ್ಧ ದಪ್ಪ ಮುಳುಗುವಷ್ಟೇ ಕೊರೆದೆ. ಆಳ ಹೆಚ್ಚಾದರೆ ಮರ ಸೀಳುತ್ತದೆ. ಎಂಟನೆಯದರಲ್ಲಿ ಸೀಳಿತು ಕೂಡ. ಅಂಟು ತುಂಬಿ, ಒಣಗಲು ಬಿಟ್ಟು, ಪಕ್ಕದಲ್ಲೇ ಮತ್ತೆ ಕೊರೆದೆ. ತುಂಡುಗಳನ್ನು ಪಟ್ಟಿಯ ತುದಿಗಳಲ್ಲಿ ಅಡ್ಡಡ್ಡಲಾಗಿ ಕೂರಿಸಿದಾಗ ಚೌಕಟ್ಟಿಗೆ ನಾಲ್ಕು ಬಾಚಣಿಗೆ ಸಿಕ್ಕಿಸಿದ ಹಾಗೆ ಕಂಡಿತು.

ತಂತಿ ಸುತ್ತುವ ಕೆಲಸಕ್ಕೆ ಎರಡು ಕೈ ಸಾಲದು. ಚೌಕಟ್ಟನ್ನು ತಿರುಗಿಸಬೇಕು, ತಂತಿಯನ್ನು ಎಳೆದು ಬಿಗಿ ಕಾಯಬೇಕು, ಕಚ್ಚಿನಲ್ಲಿ ಕೂರಿಸಲೂಬೇಕು. ನಾನು ಸುರುಳಿಯನ್ನು ನೆಲದ ಮೇಲೆ ಬಿಟ್ಟು, ತಂತಿಯನ್ನು ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಾಯಿಸಿ, ಕಾಲಿನಿಂದ ಬಿಗಿ ಹಿಡಿದು, ಎರಡೂ ಕೈಗಳಿಂದ ಚೌಕಟ್ಟನ್ನೇ ಉರುಳಿಸಿದೆ. ಹದಿಮೂರನೆಯ ಸುತ್ತಿನ ಹೊತ್ತಿಗೆ ಮೊದಲ ನಾಲ್ಕು ಸುತ್ತು ಸಡಿಲವಾಗಿದ್ದವು. ಎಷ್ಟೇ ಜಾಗ್ರತೆ ಮಾಡಿದರೂ ಅದು ಆಗಿಯೇ ಆಗುತ್ತದೆ: ಸುತ್ತು ಹೆಚ್ಚಿದಂತೆ ಪಟ್ಟಿಗಳು ಒಳಮುಖವಾಗಿ ಕೂದಲೆಳೆಯಷ್ಟು ಬಾಗಿ ಹಳೆಯ ಸುತ್ತುಗಳ ಬಿಗಿ ಕಳೆಯುತ್ತದೆ. ಸಡಿಲವಾದ ಸುತ್ತುಗಳ ಕೆಳಗೆ ಬೆಂಕಿಕಡ್ಡಿಯ ಚೂರು ತುರುಕಿ ಬಿಗಿ ಮಾಡಿದೆ. ನೋಡಲು ಚೆನ್ನಾಗಿಲ್ಲ, ಕೆಲಸಕ್ಕೆ ಚಿಂತೆಯಿಲ್ಲ.

ಅದೇ ಎರಡು ಬಿಡಿ ಕಂಡೆನ್ಸರುಗಳಿಂದ ಮತ್ತೆ ಅಳೆದೆ. 47ಕ್ಕೆ 1232, 150ಕ್ಕೆ 780. ಕಳ್ಳ 48ರಿಂದ 22ಕ್ಕೆ ಇಳಿದಿದ್ದ. ಇಂಡಕ್ಟೆನ್ಸ್ 242. ಗ್ಯಾಂಗ್ ಹಚ್ಚಿದಾಗ ಚೌಕಟ್ಟು 520ರಿಂದ 1680ರ ತನಕ ಎಳೆಯಿತು. ಒಬ್ಬನೇ ಇದ್ದೆನಾದ್ದರಿಂದ ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ.

ಸಂತೋಷ ಹತ್ತು ನಿಮಿಷ ಬಾಳಿತು. ಗುಂಡಿ ತಿರುಗಿಸಿ ಕೇಂದ್ರವನ್ನು ಚೆನ್ನಾಗಿ ಹಿಡಿದು ಕೈ ತೆಗೆದರೆ ಕೇಂದ್ರ ಮಾಯ. ಕೈ ಇಟ್ಟರೆ ವಾಪಸು. ಗ್ಯಾಂಗ್‌ನ ದಂಡ ಲೋಹದ್ದು, ಅದು ತಂತಿಯ ಒಂದು ತುದಿಗೆ ನೇರವಾಗಿ ಸೇರಿದೆ. ಮುಟ್ಟಿದಾಗ ನನ್ನ ಮೈಯೂ ಲೆಕ್ಕದೊಳಗೆ ಬರುತ್ತದೆ. ಬರೆಯದೆ ಒಣಗಿದ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ದಂಡಕ್ಕೆ ತುರುಕಿ, ಅದರ ಇನ್ನೊಂದು ತುದಿಗೆ ಶೀಸೆಯ ಮುಚ್ಚಳ ಅಂಟಿಸಿ ಗುಂಡಿ ಮಾಡಿದೆ. ಈಗ ಕೈಗೂ ಗ್ಯಾಂಗ್‌ಗೂ ಹತ್ತು ಸೆಂಟಿಮೀಟರ್ ದೂರ. ಮುಚ್ಚಳ ದೊಡ್ಡದಾದ್ದರಿಂದ ನವಿರಾಗಿ ತಿರುಗಿಸಲೂ ಅನುಕೂಲ.

ಇನ್ನು ಅಂತರ. ರೇಡಿಯೊವನ್ನು ಸುತ್ತುಗಳಿಗೆ ತೀರ ಹತ್ತಿರ ಇಟ್ಟರೆ ಚೌಕಟ್ಟು ಮತ್ತು ಫೆರೈಟ್ ಕಡ್ಡಿಯ ಸುರುಳಿ ಒಂದನ್ನೊಂದು ಎಳೆದಾಡಿ, ಒಂದು ಕೇಂದ್ರಕ್ಕೆ ಎರಡು ಕಡೆ ಉಬ್ಬು ಬರುತ್ತದೆ. ಅಡಿಯ ಸುತ್ತುಗಳಿಂದ ಒಂದು ಗೇಣು ದೂರಕ್ಕೆ ಸರಿಸಿದಾಗ ಉಬ್ಬು ಒಂದೇ ಆಯಿತು.

ನಡುವೆ ಒಂದಿಷ್ಟು ಅಂಕಿ

ಇಷ್ಟು ಚಿಕ್ಕ ಚೌಕ ಏನು ಹಿಡಿದೀತು ಎಂದು ಕೇಳುವವರಿದ್ದಾರೆ. ಅವರ ಅನುಮಾನ ಸುಳ್ಳಲ್ಲ. 1000 ಕಿಲೋಹರ್ಟ್ಸ್‌ನಲ್ಲಿ ತರಂಗದ ಉದ್ದ 300 ಮೀಟರ್. ಅದರ ಮುಂದೆ 60 ಸೆಂಟಿಮೀಟರ್ ಎಂದರೆ ಆನೆಯ ಮುಂದೆ ಇರುವೆ. 13 ಸುತ್ತು, 0.36 ಚದರ ಮೀಟರ್ ವಿಸ್ತೀರ್ಣ, ಇವುಗಳಿಂದ ಲೆಕ್ಕ ಹಾಕಿದರೆ ಈ ಚೌಕಟ್ಟಿನ ಪರಿಣಾಮಕಾರಿ ಎತ್ತರ (ಎಷ್ಟು ಎತ್ತರದ ತಂತಿಯಷ್ಟು ಸಂಕೇತ ಹಿಡಿಯುತ್ತದೆಂಬ ಅಳತೆ) ಬರೀ 10 ಸೆಂಟಿಮೀಟರ್. ಅದನ್ನು ಕಾಪಾಡುವುದು ಅನುರಣನ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಬೆರಳ ತುದಿಯಿಂದ ತಳ್ಳುತ್ತಿದ್ದರೂ ಅದು ಎತ್ತರಕ್ಕೆ ಏರುತ್ತದಲ್ಲ, ಹಾಗೆ. ಸುರುಳಿಯ ಕ್ಯೂ ಗುಣಾಂಕ, ಅಂದರೆ ಅನುರಣನ ಸಂಕೇತವನ್ನು ಎಷ್ಟು ಪಟ್ಟು ಏರಿಸುತ್ತದೆಂಬ ಅಂಕಿ, 100 ಎಂದಿಟ್ಟುಕೊಂಡರೆ ಆ 10 ಸೆಂಟಿಮೀಟರ್ 10 ಮೀಟರ್ ಆಗಿ ವರ್ತಿಸುತ್ತದೆ, ಆ ಒಂದೇ ಆವರ್ತನದಲ್ಲಿ.

ಇದಕ್ಕೆ ತೆರುವ ಬೆಲೆಯೂ ಇದೆ. ಆವರ್ತನವನ್ನು ಕ್ಯೂನಿಂದ ಭಾಗಿಸಿದರೆ ಸಿಗುವುದು ಆವರ್ತನ ಪಟ್ಟಿಯ ಅಗಲ, ಅಂದರೆ ಒಮ್ಮೆಗೆ ಹಾಯುವ ಆವರ್ತನಗಳ ಹರವು. 1500ರಲ್ಲಿ 15 ಕಿಲೋಹರ್ಟ್ಸ್, ತೊಂದರೆಯಿಲ್ಲ. 600ರಲ್ಲಿ 6 ಮಾತ್ರ. ಅಲ್ಲಿ ಸಂಗೀತ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ನಾನು ಕೆಳಗಿನ ಕೇಂದ್ರಗಳಿಗೆ ಗುಂಡಿಯನ್ನು ಉಬ್ಬಿನಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿ ಬಿಡುತ್ತೇನೆ. ಜೋರು ಕಡಿಮೆ, ಸ್ಪಷ್ಟತೆ ಹೆಚ್ಚು. ಕ್ಯೂ ಇನ್ನೂ ಏರಿಸಲು ನೂರಾರು ನವಿರೆಳೆಗಳ ಲಿಟ್ಜ್ ತಂತಿ ಬಳಸಬಹುದೆಂಬುದು ನನಗೂ ಗೊತ್ತು. ಈ ರೇಡಿಯೊಕ್ಕೆ ಅದು ಮೂಗಿಗಿಂತ ಮೂಗುತಿ ಭಾರ.

ಮಂಗಳವಾರ

ಇಲ್ಲಿಯ ತನಕ ನಾನು ಜೋರಿನ ಬೆನ್ನು ಹತ್ತಿದ್ದೆ. ಮಂಗಳವಾರ ರಾತ್ರಿ ರೇಡಿಯೊ ಹಚ್ಚಿದಾಗ 1300ರ ಆಚೆಗೆಲ್ಲ ಜೇನುಹುಳು ಸಿಕ್ಕಿಬಿದ್ದಂಥ ಗುಂಯ್ ಸದ್ದು, ಕೇಂದ್ರದ ಜೊತೆಗೆ ಅದೂ ಜೋರಾಗಿತ್ತು. ಗದ್ದಲವನ್ನು ಹತ್ತು ಪಟ್ಟು ಮಾಡಿಕೊಡುವ ಯಂತ್ರ ಕಟ್ಟಿದ್ದೇನೆಂದು ಬೇಸರ ಬಂದು ಚೌಕಟ್ಟನ್ನು ಗೋಡೆಗೆ ಸರಿಸಲು ಹೋದೆ. ಅದನ್ನು ರೇಡಿಯೊ ಸಮೇತ ಎತ್ತಿ ತಿರುಗಿಸುತ್ತಿದ್ದಾಗ ಗುಂಯ್ ಎನ್ನುವುದು ತಟ್ಟನೆ ನಿಂತಿತು. ಕೇಂದ್ರ ಹಾಗೇ ಇತ್ತು.

ಈ ಚೌಕಟ್ಟನ್ನು ನೋಡಿದವರೆಲ್ಲ ಅದರ ಅಗಲವಾದ ಮುಖವನ್ನು ಕೇಂದ್ರದ ಕಡೆಗೆ ಹಿಡಿಯಬೇಕೆಂದು ಭಾವಿಸುತ್ತಾರೆ, ಡಿಶ್ ಹಿಡಿದ ಹಾಗೆ. ಅದು ತಿರುವುಮುರುವು. ಅಂಚು ಯಾವ ದಿಕ್ಕಿಗಿದೆಯೋ ಅಲ್ಲಿಂದ ಚೆನ್ನಾಗಿ ಕೇಳುತ್ತದೆ. ಮುಖ ಯಾವ ದಿಕ್ಕಿಗಿದೆಯೋ ಅಲ್ಲಿಗೆ ಕಿವುಡು. ಎದುರಿನಿಂದ ಬರುವ ತರಂಗದ ಕಾಂತಕ್ಷೇತ್ರ ಚೌಕದ ಮೇಲ್ಮೈಯನ್ನು ಸವರಿಕೊಂಡು ಹೋಗುತ್ತದೆ, ಒಳಗೆ ಹಾಯುವುದಿಲ್ಲ. ಮುಖ್ಯವಾದ ಮಾತು ಮುಂದಿದೆ. ಕೇಳುವ ದಿಕ್ಕು ಬಹಳ ಅಗಲ, ಕಿವುಡು ದಿಕ್ಕು ಬಹಳ ಚೂಪು. ಅಂಚನ್ನು ಕೇಂದ್ರದಿಂದ 30 ಡಿಗ್ರಿ ಆಚೆ ತಿರುಗಿಸಿದರೂ ಸಂಕೇತ ಇಳಿಯುವುದು ಒಂದೂಕಾಲು ಡೆಸಿಬೆಲ್. ಕಿವಿಗೆ ಪತ್ತೆಯೇ ಆಗದು. 60 ಡಿಗ್ರಿಗೆ 6 ಡೆಸಿಬೆಲ್. ಆದರೆ ಕಿವುಡು ದಿಕ್ಕಿನ 5 ಡಿಗ್ರಿ ಹತ್ತಿರ ಬಂದಾಗ 21 ಡೆಸಿಬೆಲ್ ಕುಸಿಯುತ್ತದೆ, ಅಲ್ಲಿಂದ ಮುಂದೆ ಪಾತಾಳ. ಹಾಗಾದರೆ ಕೇಂದ್ರದ ಕಡೆಗೆ ಗುರಿ ಹಿಡಿಯುವುದು ದಂಡ. ಬೇಡದ್ದಕ್ಕೆ ಮುಖ ತೋರಿಸಿ ನಿಲ್ಲಿಸಬೇಕು. ಬೇಕಾದದ್ದು ತಾನಾಗಿ ಉಳಿಯುತ್ತದೆ.

ಬುಧವಾರ ಇದಕ್ಕಾಗಿಯೇ ಪೀಠ ಮಾಡಿದೆ. ಕೆಳಗೆ ದುಂಡನೆಯ ಹಲಗೆ, ನಡುವೆ ಒಂದು ಬೋಲ್ಟು, ಅದರ ಮೇಲೆ ತಿರುಗುವ ಪಟ್ಟಿ. ಚೌಕಟ್ಟು ಮತ್ತು ರೇಡಿಯೊ ಎರಡೂ ಆ ಪಟ್ಟಿಯ ಮೇಲೆಯೇ ಕೂರುತ್ತವೆ. ರೇಡಿಯೊ ಬೇರೆ, ಚೌಕಟ್ಟು ಬೇರೆ ತಿರುಗಿದರೆ ಫೆರೈಟ್ ಕಡ್ಡಿ ತಾನೇ ನೇರವಾಗಿ ಹಿಡಿದ ಸಂಕೇತ ಕಿವುಡುತನವನ್ನು ಕೆಡಿಸುತ್ತದೆ. ಕಡ್ಡಿಯ ಕಿವುಡು ಅದರ ತುದಿಯ ದಿಕ್ಕಿಗಿದೆ, ಚೌಕಟ್ಟಿನ ಕಿವುಡು ಮುಖದ ದಿಕ್ಕಿಗಿದೆ. ಬಾಣದ ಹಾಗೆ ಇಟ್ಟಾಗ ಎರಡೂ ಒಂದೇ ಕಡೆ ಬೀಳುತ್ತವೆ. ಹಲಗೆಯ ಮೇಲೆ ಬಿಳಿ ಕಾಗದ ಅಂಟಿಸಿ, ಯಾವ ಸದ್ದು ಎಲ್ಲಿ ಮುಳುಗುತ್ತದೆಂದು ಪೆನ್ಸಿಲ್ ಗೆರೆ ಹಾಕತೊಡಗಿದೆ. ಪಟ್ಟಿಯ ಮೇಲೆ ಬಾಗಿಲಿನ ಕೀಲೊಂದನ್ನು ಹಾಕಿ ಚೌಕಟ್ಟು ಹಿಂದಕ್ಕೆ ವಾಲುವಂತೆಯೂ ಮಾಡಿದೆ. ಮನೆಯೊಳಗಿನ ಗದ್ದಲ ನೆಲಮಟ್ಟದಿಂದಲೇ ಬರಬೇಕೆಂದಿಲ್ಲ. ಕೆಲವನ್ನು ಮುಳುಗಿಸಲು ಹತ್ತು ಹದಿನೈದು ಡಿಗ್ರಿ ವಾಲಿಸಲೇಬೇಕು.

ಒಂದು ಎಚ್ಚರ. ರೇಡಿಯೊಕ್ಕೆ ಚಾರ್ಜರ್ ತಂತಿ ಸಿಕ್ಕಿಸಿದಾಗ ಪಾತಾಳ ಮಾಯವಾಗಿ ಬರೀ ತಗ್ಗು ಉಳಿಯಿತು. ಆ ತಂತಿಯೇ ಆಂಟೆನಾ ಆಗಿ ಎಲ್ಲ ದಿಕ್ಕಿನಿಂದಲೂ ಹಿಡಿಯುತ್ತಿತ್ತು. ಅಂದಿನಿಂದ ಬ್ಯಾಟರಿಯಲ್ಲಿ ಮಾತ್ರ ಕೇಳುತ್ತೇನೆ.

ಗದ್ದಲದ ಬಗ್ಗೆ ಒಂದು ತಕರಾರು

ಲೂಪ್ ಆಂಟೆನಾ ಕಾಂತಕ್ಷೇತ್ರವನ್ನಷ್ಟೇ ಹಿಡಿಯುತ್ತದೆ, ಮನೆಯ ಗದ್ದಲವೆಲ್ಲ ವಿದ್ಯುತ್ ಕ್ಷೇತ್ರದ್ದು, ಆದ್ದರಿಂದ ಲೂಪ್‌ಗೆ ಗದ್ದಲ ಕೇಳಿಸುವುದೇ ಇಲ್ಲ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ನನ್ನ ಅನುಭವ ಅದನ್ನು ಅರ್ಧ ಮಾತ್ರ ಒಪ್ಪುತ್ತದೆ. ಮೊಬೈಲ್ ಚಾರ್ಜರ್ ಒಂದನ್ನು ಚೌಕಟ್ಟಿನಿಂದ ಗೇಣು ದೂರದಲ್ಲಿ ಹಚ್ಚಿ ನೋಡಿದೆ. ಕಿವಿ ಮುಚ್ಚಿಕೊಳ್ಳುವಷ್ಟು ಅರಚಿತು. ಚಾರ್ಜರಿನೊಳಗೆ ಟ್ರಾನ್ಸ್‌ಫಾರ್ಮರ್ ಇದೆ, ಅದೂ ಒಂದು ಸುರುಳಿಯೇ, ಅದರ ಕಾಂತಕ್ಷೇತ್ರ ನನ್ನ ಸುರುಳಿಗೆ ಬಂದು ತಾಗದೆ ಇನ್ನೆಲ್ಲಿಗೆ ಹೋದೀತು? ಸಮಾಧಾನದ ಸಂಗತಿಯೆಂದರೆ ಚಿಕ್ಕ ಸುರುಳಿಯ ಹತ್ತಿರದ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಎಂಟನೇ ಒಂದು ಪಾಲು. ಒಂದೂವರೆ ಮೀಟರ್ ಸರಿಸಿದಾಗ ಅದೇ ಚಾರ್ಜರ್ ಪಿಸುಗುಟ್ಟಿತಷ್ಟೇ. ಗೋಡೆಯೊಳಗೆ ಹಾಯುವ ಉದ್ದನೆಯ ತಂತಿಗಳು ಮಾತ್ರ ಇಷ್ಟು ಬೇಗ ಸೋಲುವುದಿಲ್ಲ. ಅವುಗಳಿಂದ ಪಾರಾಗಲು ಚೌಕಟ್ಟನ್ನು ಗೋಡೆ ಬಿಟ್ಟು ಕೋಣೆಯ ನಡುವಿಗೆ ತಂದೆ.

ಉಕ್ಕಿನ ಕಪಾಟಿನ ಪಕ್ಕದಲ್ಲೂ ಒಮ್ಮೆ ಇಟ್ಟು ನೋಡಿದೆ. ಉಬ್ಬು ಚಪ್ಪಟೆಯಾಯಿತು, ಕಿವುಡು ದಿಕ್ಕು ಓರೆಯಾಯಿತು. ಮತ್ತೆ ಆ ಕಡೆ ಹೋಗಿಲ್ಲ.

ಗುರುವಾರ, ಕತ್ತಲಾಗುವ ಹೊತ್ತು

ಹಗಲಿನಲ್ಲಿ ಮಧ್ಯಮ ತರಂಗ ನೆಲವನ್ನು ತಬ್ಬಿಕೊಂಡು ಬರುತ್ತದೆ. ಮೇಲಕ್ಕೆ ಹೋದದ್ದನ್ನು ಅಯಾನುಗೋಲದ (ಎತ್ತರದ ವಾತಾವರಣದ ವಿದ್ಯುದಾವಿಷ್ಟ ಭಾಗದ) ಡಿ ಪದರ ನುಂಗುತ್ತದೆ. ಆಗ ಕಿವುಡು ದಿಕ್ಕು ಕಲ್ಲಿನಲ್ಲಿ ಕೆತ್ತಿದ ಹಾಗೆ ಸ್ಥಿರ. ಸೂರ್ಯ ಮುಳುಗಿದ ಮೇಲೆ ಡಿ ಪದರ ಕರಗಿ, ದೂರದ ಕೇಂದ್ರಗಳು ಮೇಲಿನ ಪದರಗಳಿಗೆ ತಾಗಿ ಇಳಿಯತೊಡಗುತ್ತವೆ. ಸ್ಥಳೀಯ ಕೇಂದ್ರವೊಂದರ ಕಡೆಗೆ ಮುಖ ಮಾಡಿ ಅದನ್ನು ಮುಳುಗಿಸಿ ಕಾಯುತ್ತ ಕುಳಿತೆ. ಆರೂಮುಕ್ಕಾಲಿನ ಹೊತ್ತಿಗೆ ಅದೇ ಆವರ್ತನದ ತಳದಿಂದ ಇನ್ನೊಂದು ಭಾಷೆಯ ಹೆಂಗಸಿನ ದನಿ ಏರತೊಡಗಿತು, ಉಬ್ಬರದ ನೀರಿನ ಹಾಗೆ. ಕಾಲು ಗಂಟೆ ಕೇಳಿದೆ. ಆಮೇಲೆ ಸ್ಥಳೀಯ ಕೇಂದ್ರದ ಆಕಾಶ ತರಂಗವೂ ಬೇರೆ ಬೇರೆ ಕೋನಗಳಿಂದ ಇಳಿಯತೊಡಗಿ ಪಾತಾಳ ಉಸಿರಾಡಲು ಶುರುಮಾಡಿತು: ಒಂದು ಕ್ಷಣ ಆಳ, ಮರುಕ್ಷಣ ತುಂಬಿ ಬರುತ್ತದೆ. ರಾತ್ರಿಯಲ್ಲಿ ಈ ಆಟ ಹಗಲಿನಷ್ಟು ಶಿಸ್ತಿನದಲ್ಲ.

ಶುಕ್ರವಾರ ಹ್ರಸ್ವ ತರಂಗಕ್ಕೂ ಕೈ ಹಾಕಿದೆ. ಎಂಟು ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆಯನ್ನು ಒಂದು ಮೀಟರ್ ವ್ಯಾಸದ ಬಳೆಯಾಗಿ ಬಗ್ಗಿಸಿದರೆ ಒಂದೇ ಸುತ್ತಿಗೆ 3 ಮೈಕ್ರೊಹೆನ್ರಿ. ಅದೇ ಗ್ಯಾಂಗ್‌ನೊಂದಿಗೆ 4.7ರಿಂದ 18 ಮೆಗಾಹರ್ಟ್ಸ್‌ವರೆಗೆ ಎಳೆಯುತ್ತದೆ. ಒಳಗಡೆ ಐದನೇ ಒಂದು ಪಾಲು ವ್ಯಾಸದ ಚಿಕ್ಕ ಬಳೆ, ಅದರಿಂದ ರೇಡಿಯೊದ ಹೊರ ಆಂಟೆನಾ ಕಿಂಡಿಗೆ ಕೇಬಲ್. 10 ಮೆಗಾಹರ್ಟ್ಸ್‌ನ ಸಮಯ ಸಂಕೇತದ ಟಿಕ್ ಟಿಕ್ ಹಿಡಿದು ಹೋಲಿಸಿದೆ. ರೇಡಿಯೊದಿಂದ ಹೊರಗೆಳೆಯುವ ಕಡ್ಡಿ ಆಂಟೆನಾಕ್ಕಿಂತ ದನಿ ಹೆಚ್ಚಲಿಲ್ಲ, ಹಿನ್ನೆಲೆಯ ಗೊರಗೊರ ಕಡಿಮೆಯಾಯಿತು. ಟ್ಯೂನಿಂಗ್ ಎಷ್ಟು ಚೂಪೆಂದರೆ ಶೀಸೆಯ ಮುಚ್ಚಳದ ಮೇಲೆ ಉಸಿರು ಬಿಟ್ಟರೂ ತಪ್ಪುತ್ತದೆ ಎನಿಸುತ್ತದೆ. ನಿಧಾನವಾಗಿ ತಿರುಗಿಸುವ ಗೇರು ಸಿಗುವ ತನಕ ಬಳೆ ಗೋಡೆಯ ಮೊಳೆಗೆ ನೇತಾಡಲಿ.

ಮತ್ತೆ ಶನಿವಾರ

1300ರ ಮೇಲಿನ ಆ ಗುಂಯ್ ತಲೆ ತಿನ್ನುತ್ತಿತ್ತು. ಅದನ್ನು ಮುಳುಗಿಸಬಲ್ಲೆ, ನಿಜ. ಆದರೆ ಅದರ ಕಡೆಗೆ ಮುಖ ಮಾಡಿದಾಗ ಅದೇ ದಿಕ್ಕಿನ ಕೇಂದ್ರಗಳೂ ಮುಳುಗುತ್ತವೆ. ಪೀಠದ ಮೇಲಿನ ಪೆನ್ಸಿಲ್ ಗೆರೆಗಳನ್ನು ನೋಡುತ್ತಿದ್ದಾಗ ಹೊಳೆಯಿತು: ಕಿವುಡು ಮುಖ ಎಂದರೆ ಬೆರಳು ತೋರಿಸುವ ಮುಖ. ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಮೊದಲ ಕೋಣೆಯಲ್ಲಿ ಗುಂಯ್ ಪೂರ್ತಿ ಅಡಗುವ ತನಕ ಚೌಕಟ್ಟು ತಿರುಗಿಸಿ, ಮುಖದ ದಿಕ್ಕಿಗೆ ಗೆರೆ ಎಳೆದೆ. ಮುಂದೋ ಹಿಂದೋ ಅದು ಹೇಳುವುದಿಲ್ಲ, ಗೆರೆ ಮಾತ್ರ ಹೇಳುತ್ತದೆ. ಇನ್ನೊಂದು ಕೋಣೆಗೆ ಒಯ್ದು ಎರಡನೆಯ ಗೆರೆ. ಮೂರನೆಯದನ್ನು ನಡುಮನೆಯಿಂದ. ಗೋಡೆಯ ತಂತಿಗಳು ಗೆರೆಗಳನ್ನು ಒಂದಿಷ್ಟು ಓರೆ ಮಾಡಿದ್ದರಿಂದ ಮೂರೂ ಒಂದೇ ಚುಕ್ಕೆಯಲ್ಲಿ ಕೂಡಲಿಲ್ಲ. ಪುಸ್ತಕದ ಕಪಾಟು ಇರುವ ಮೂಲೆಯಲ್ಲಿ ಚಿಕ್ಕ ತ್ರಿಕೋನ ಮಾಡಿದವು.

ಆ ಮೂಲೆಯಲ್ಲಿ ಯಾವ ಯಂತ್ರವೂ ಇಲ್ಲವೆಂದು ಪ್ರಮಾಣ ಮಾಡಲು ತಯಾರಿದ್ದೆ. ಕಪಾಟು ಸರಿಸಿದರೆ ಹಿಂದಿನ ಸಾಕೆಟ್ಟಿನಲ್ಲಿ ಕಪ್ಪು ಅಡಾಪ್ಟರ್ ಒಂದು ಕೂತಿತ್ತು, ಮುಟ್ಟಿದರೆ ಬೆಚ್ಚಗೆ. ಕಪಾಟಿನ ಮೇಲ್ಭಾಗಕ್ಕೆ ಎಂದೋ ಅಂಟಿಸಿದ್ದ ಎಲ್ಇಡಿ ಪಟ್ಟಿಯದು. ಪಟ್ಟಿ ಕೆಟ್ಟು ಕಿತ್ತೆಸೆದು ವರ್ಷಗಳೇ ಆಗಿದ್ದವು. ಅಡಾಪ್ಟರ್ ಯಾರಿಗೂ ಬೆಳಕು ಕೊಡದೆ, ಹಗಲೂ ರಾತ್ರಿ ರೇಡಿಯೊಕ್ಕೆ ಗುಂಯ್ ಕೊಡುತ್ತ ಅಲ್ಲೇ ಉಳಿದಿತ್ತು.

ಕಿತ್ತು ತೆಗೆದು ಬಂದು ಕುಳಿತೆ. ಮೊದಲು ಚೌಕಟ್ಟಿಲ್ಲದೆ ಬರೀ ರೇಡಿಯೊ ಹಚ್ಚಿದೆ. 1300ರ ಮೇಲೆ ಹೊಸದಾಗಿ ಮೂರು ಕೇಂದ್ರ. ಒಂದು ವಾರದ ಮರಗೆಲಸ, 31 ಮೀಟರ್ ತಂತಿ, ಇಷ್ಟೆಲ್ಲ ಲೆಕ್ಕ. ಅದರ ಅರ್ಧ ಫಲ ಒಂದು ಪ್ಲಗ್ ಕಿತ್ತಿದ್ದರೆ ಸಿಗುತ್ತಿತ್ತು ಎಂದು ಯಾರಾದರೂ ಹೇಳಿದರೆ ನನ್ನ ಬಳಿ ಉತ್ತರವಿಲ್ಲ, ಆ ಪ್ಲಗ್ ಎಲ್ಲಿದೆಯೆಂದು ತೋರಿಸಿದ್ದು ಯಾರು ಎಂದು ಕೇಳುವುದನ್ನು ಬಿಟ್ಟರೆ. ಆಮೇಲೆ ಚೌಕಟ್ಟನ್ನು ಹಚ್ಚಿ ಮುಚ್ಚಳ ತಿರುಗಿಸಿದೆ. ಮೂರು ಏಳಾದವು. ಗುಂಯ್‌ನ ಜಾಗದಲ್ಲಿ ಈಗ ಟಿಕ್ ಟಿಕ್ ಎನ್ನುವ ತೀರ ಸಣ್ಣ ಸದ್ದೊಂದು ಉಳಿದಿದೆ, ಇಷ್ಟು ದಿನ ಅದರಡಿ ಮುಚ್ಚಿಹೋಗಿದ್ದದ್ದು. ನಕ್ಷೆಯ ಮೇಲೆ ಅದರ ಮೊದಲ ಗೆರೆ ಎಳೆದಾಗಿದೆ. ಗೆರೆ ನೇರವಾಗಿ ಹೊರಗೋಡೆಯನ್ನು ದಾಟಿ ಬೀದಿಗೆ ಹೋಗುತ್ತದೆ.